ಸಮಸ್ಯೆಯಿಂದ ಶಾಸ್ತ್ರಕ್ಕೆ: ಕನ್ನಡ ವಿಜ್ಞಾನ ಸಾಹಿತ್ಯದ ಒಂದು ವಿವೇಚನೆ

ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಸಾಧ್ಯವೇ ಎಂಬ ಪ್ರಶ್ನೆಯು ನೂರು ವರ್ಷಗಳ ಹಿಂದೆಯೇ ಇತ್ಯರ್ಥವಾಯಿತು. ಅದನ್ನು ಕನ್ನಡದಲ್ಲಿ ಕಲಿಸಲು ಸಾಧ್ಯವೇ ಎಂಬ ಪ್ರಶ್ನೆಯು ಮಾತ್ರ ಇನ್ನೂ ಉಳಿದುಕೊಂಡಿದೆ. ಈ ಎರಡು ಪ್ರಶ್ನೆಗಳೂ ಒಂದೇ ಎಂದು ನಾವು ಭಾವಿಸಿದುದೇ ನಮ್ಮ ವಿಜ್ಞಾನ ಸಾಹಿತ್ಯದ ಒಂದು ಮುಖ್ಯ ಕೊರತೆಗೆ ಕಾರಣವೆಂದು ನನಗೆ ತೋರುತ್ತದೆ. ಆ ಕೊರತೆ ಯಾವುದು, ಅದು ಹೇಗೆ ಬಂದಿತು, ಹೊರನಾಡಿನಲ್ಲಿ ನೆಲೆಸಿರುವ ನಾವು ಅದನ್ನು ನೀಗಿಸಲು ಏನು ಮಾಡಬಹುದು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಚಿಕ್ಕ ಪ್ರಸಂಗ. ಠಾಕುರ್ಲಿಯಲ್ಲಿ ನೆರೆಹೊರೆಯ ಕನ್ನಡ ಮಕ್ಕಳು ಕೆಲವರು ಭಾನುವಾರದಂದು ಅಕ್ಷರಾಭ್ಯಾಸಕ್ಕೆಂದು ನಮ್ಮ ಮನೆಗೆ ಬರುತ್ತಾರೆ. ಒಂದು ದಿನ ಉಬ್ಬರವಿಳಿತದ ಮಾತು ಬಂದಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು, ಚಂದ್ರಸೂರ್ಯರ ಆಕರ್ಷಣೆಯಿಂದ ಸಮುದ್ರದ ನೀರು ಏರಿಳಿಯುವುದೆಂದು ಒಂದಕ್ಷರವೂ ತಪ್ಪದಂತೆ ಒಪ್ಪಿಸಿದಳು. “ಹಾಗಾದರೆ ಇಂದು ನಮ್ಮ ಖಾಡಿಯಲ್ಲಿ ನೀರು ಏರುವುದು ಎಷ್ಟು ಹೊತ್ತಿಗೆ?” ಎಂದು ಕೇಳಿದೆ. “ಅದು ಪಾಠದಲ್ಲಿ ಇಲ್ಲ, ಅಂಕಲ್” ಎಂದಳು. ಅದೇ ದಿನ ಬೆಳಗ್ಗೆ ಮಾರುಕಟ್ಟೆಯಲ್ಲಿ ಮೀನು ಮಾರುವ ಕೋಳಿ ಹೆಂಗಸೊಬ್ಬಳು ಇದೇ ಲೆಕ್ಕವನ್ನು ಬೆರಳ ತುದಿಯಲ್ಲಿ ಮಾಡಿ ತೋರಿಸಿದ್ದಳು. ತಿಥಿಯ ಸಂಖ್ಯೆಯ ಮುಕ್ಕಾಲು ಭಾಗವೇ ಭರತಿಯ ಗಂಟೆ. ಅಂದು ಪಂಚಮಿ, ಐದರ ಮುಕ್ಕಾಲು ಮೂರೂ ಮುಕ್ಕಾಲು, ಆದುದರಿಂದ ಮುಂಬಯಿಯ ದಡದಲ್ಲಿ ಸುಮಾರು ಮೂರು ಗಂಟೆ ನಲವತ್ತೈದು ನಿಮಿಷಕ್ಕೆ ಪೂರ್ಣ ಭರತಿ. ಒಬ್ಬಳಿಗೆ ಕಾರಣ ಗೊತ್ತು, ಹೊತ್ತು ಗೊತ್ತಿಲ್ಲ. ಇನ್ನೊಬ್ಬಳಿಗೆ ಹೊತ್ತು ಗೊತ್ತು, ಕಾರಣ ಬೇಕಾಗಿಲ್ಲ. ಇವರಿಬ್ಬರ ಅರಿವನ್ನು ಒಂದೆಡೆ ಕೂಡಿಸುವ ಪುಸ್ತಕವು ಕನ್ನಡದಲ್ಲಿ ಏಕೆ ವಿರಳವಾಗಿದೆ ಎಂಬುದೇ ನನ್ನ ಪ್ರಶ್ನೆ.

ಇಂತಹ ಪುಸ್ತಕದ ಸಂಪ್ರದಾಯ ನಮ್ಮಲ್ಲಿ ಇರಲೇ ಇಲ್ಲವೆಂದು ಹೇಳುವಂತಿಲ್ಲ. ‘ಕವಿರಾಜಮಾರ್ಗ’ವು ಹುಟ್ಟಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ, ೯ನೆಯ ಶತಮಾನದ ನಡುವೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಗ್ರಂಥದ ಭಾಷೆ ಸಂಸ್ಕೃತವಾದರೂ ಅದರ ನೆಲ ಕನ್ನಡನಾಡು. ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ವಿದ್ವತ್ ಪ್ರಪಂಚವು ಅದರ ಬೆಲೆಯನ್ನು ಅರಿತುಕೊಂಡಿತು. ಗಣಿತವು ಎಲ್ಲೆಲ್ಲಿ ಉಪಯುಕ್ತವೆಂದು ಗ್ರಂಥಾರಂಭದಲ್ಲಿ ಪಟ್ಟಿಮಾಡುವಾಗ ಮಹಾವೀರನು ಛಂದಸ್ಸು, ವೈದ್ಯ, ವಾಸ್ತುಗಳೊಡನೆ ಅಡುಗೆಯ ಶಾಸ್ತ್ರವನ್ನೂ ಸೇರಿಸಿದ್ದಾನೆ. ಇದು ಬರಿಯ ಸ್ತುತಿಯಲ್ಲ. ಮುಂದಿನ ಅಧ್ಯಾಯಗಳಲ್ಲಿ ಬರುವ ಬಡ್ಡಿ, ಚಿನ್ನದ ಬೆರಕೆ, ದಾರಿಯಲ್ಲಿ ಸಿಕ್ಕಿದ ಹಣದ ಚೀಲ, ಹರಿದ ಮುತ್ತಿನ ಹಾರ ಮೊದಲಾದ ಉದಾಹರಣೆಗಳಲ್ಲಿ ಆ ಮಾತನ್ನು ಆತನು ನಡೆಸಿಕೊಟ್ಟಿದ್ದಾನೆ.

ಅವುಗಳಲ್ಲಿ ಒಂದನ್ನು ನೋಡೋಣ. ಕಾಡಿನಲ್ಲಿ ಸಮನಾದ ೬೩ ಬಾಳೆಹಣ್ಣಿನ ರಾಶಿಗಳಿವೆ, ಬಿಡಿಯಾಗಿ ೭ ಹಣ್ಣುಗಳಿವೆ, ೨೩ ಮಂದಿ ಪಯಣಿಗರು ಎಲ್ಲವನ್ನೂ ಸಮನಾಗಿ ಹಂಚಿಕೊಂಡರೆ ಏನೂ ಉಳಿಯುವುದಿಲ್ಲ, ರಾಶಿಯೊಂದರಲ್ಲಿ ಹಣ್ಣುಗಳೆಷ್ಟು? ರಾಶಿಗೆ ೫ ಹಣ್ಣು ಎಂದಿಟ್ಟುಕೊಂಡರೆ ಒಟ್ಟು ೩೨೨ ಆಗಿ ತಲಾ ೧೪ ಬರುತ್ತದೆ. ೨೮ ಎಂದಿಟ್ಟುಕೊಂಡರೂ ಒಟ್ಟು ೧,೭೭೧ ಆಗಿ ತಲಾ ೭೭ ಬರುತ್ತದೆ. ಹೀಗೆ ಇಪ್ಪತ್ತಮೂರರಂತೆ ಕೂಡಿಸುತ್ತ ಹೋದರೆ ಉತ್ತರಗಳಿಗೆ ಕೊನೆಯಿಲ್ಲ. ಒಂದು ಪ್ರಶ್ನೆಗೆ ಹಲವು ಸರಿಯಾದ ಉತ್ತರಗಳಿರಬಹುದು, ಉತ್ತರವು ಸರಿಯೇ ಎಂಬುದನ್ನು ಗುರುವನ್ನು ಕೇಳದೆ ತಾನೇ ತಾಳೆನೋಡಬಹುದು ಎಂಬ ಎರಡು ದೊಡ್ಡ ಪಾಠಗಳು ಈ ಬಾಳೆಹಣ್ಣಿನ ಲೆಕ್ಕದಲ್ಲಿವೆ. ವಿಜ್ಞಾನದ ಅರಿವೆಂದರೆ ಮೂಲತಃ ಇದೇ ಅಲ್ಲವೇ?

ಈ ಪದ್ಧತಿಯನ್ನು ಕನ್ನಡಕ್ಕೆ ತಂದವನು ೧೨ನೆಯ ಶತಮಾನದ ಜೈನಕವಿ ರಾಜಾದಿತ್ಯ. ಅವನ ‘ವ್ಯವಹಾರಗಣಿತ’ವು ಗದ್ಯಪದ್ಯಗಳಲ್ಲಿ ರಚಿತವಾದ ಕನ್ನಡದ ಮೊದಲ ಗಣಿತಗ್ರಂಥವೆಂದು ಪ್ರಸಿದ್ಧವಾಗಿದೆ. ‘ಕ್ಷೇತ್ರಗಣಿತ’, ‘ಲೀಲಾವತಿ’ ಮೊದಲಾದವೂ ಅವನ ಹೆಸರಿನಲ್ಲಿವೆ. ಸೂತ್ರ, ಅದರ ವಿವರಣೆ, ಅನಂತರ ಉದಾಹರಣೆ ಎಂಬ ಕ್ರಮದಲ್ಲಿ ಅವನು ತ್ರೈರಾಶಿಕ, ಪಂಚರಾಶಿಕಗಳನ್ನು ಕಲಿಸುತ್ತಾನೆ. ಗ್ರಂಥದ ಹೆಸರೇ ಅದರ ಉದ್ದೇಶವನ್ನು ಸಾರುತ್ತದೆ. ಶಾಸ್ತ್ರವು ವ್ಯವಹಾರದ ಮೂಲಕ ಒಳಗೆ ಬರಬೇಕು. ವ್ಯವಹಾರದ ಭಾಷೆ ಕನ್ನಡವಾಗಿದ್ದುದರಿಂದ ಶಾಸ್ತ್ರವೂ ಕನ್ನಡದಲ್ಲಿ ಬಂದಿತು.

ಬ್ಯಾಂಕಿನಲ್ಲಿ ಚಿನ್ನದ ಸಾಲದ ಕಾಗದಗಳನ್ನು ನೋಡುವುದು ನನ್ನ ಉದ್ಯೋಗದ ಒಂದು ಭಾಗವಾದುದರಿಂದ ಈ ಪ್ರಾಚೀನರ ಸಹವಾಸವು ನನಗೆ ದಿನನಿತ್ಯದ್ದು. ಮಹಾವೀರನ ಲೆಕ್ಕದಲ್ಲಿ ಶುದ್ಧ ಚಿನ್ನಕ್ಕೆ ೧೬ ವರ್ಣ. ನಮ್ಮ ಲೆಕ್ಕದಲ್ಲಿ ೨೪ ಕ್ಯಾರೆಟ್. ಆದುದರಿಂದ ಇಂದಿನ ೨೨ ಕ್ಯಾರೆಟ್ಟಿನ ಬಳೆ ಅವನ ಕಣ್ಣಿಗೆ ಹದಿನಾಲ್ಕೂ ಮೂರನೆಯ ಎರಡು ವರ್ಣದ ಚಿನ್ನ. ೨೨ ಕ್ಯಾರೆಟ್ಟಿನ ೮ ಗ್ರಾಮನ್ನೂ ೧೮ ಕ್ಯಾರೆಟ್ಟಿನ ೪ ಗ್ರಾಮನ್ನೂ ಕರಗಿಸಿ ಕೂಡಿಸಿದರೆ ಬರುವ ಗಟ್ಟಿ ಎಷ್ಟು ಕ್ಯಾರೆಟ್ಟಿನದು? ಎಂಟನ್ನು ಇಪ್ಪತ್ತೆರಡರಿಂದಲೂ ನಾಲ್ಕನ್ನು ಹದಿನೆಂಟರಿಂದಲೂ ಗುಣಿಸಿ, ಕೂಡಿಸಿ, ಹನ್ನೆರಡರಿಂದ ಭಾಗಿಸಿದರೆ ಇಪ್ಪತ್ತೂ ಮೂರನೆಯ ಎರಡು. ಅಜ್ಜಿಯ ಹಳೆಯ ಸರವನ್ನು ಅಳಿಸಿ ಹೊಸ ಒಡವೆ ಮಾಡಿಸುವ ಮನೆಯ ಮಗುವಿಗೆ ಈ ಲೆಕ್ಕವನ್ನು ಯಾರೂ ಒತ್ತಾಯಿಸಿ ಕಲಿಸಬೇಕಾಗಿಲ್ಲ.

ಆದರೆ ಪ್ರಾಚೀನರನ್ನು ಹೊಗಳಿ ಸುಮ್ಮನಾಗುವುದು ವಿಮರ್ಶೆಯಲ್ಲ. ಈ ಗ್ರಂಥಗಳ ಮುಖ್ಯ ಕೊರತೆಯೆಂದರೆ ಸೂತ್ರವು ಹೇಗೆ ಬಂದಿತೆಂಬುದನ್ನು ಅವು ಸಾಮಾನ್ಯವಾಗಿ ತಿಳಿಸುವುದಿಲ್ಲ. ಸೂತ್ರವನ್ನು ಬಾಯಿಪಾಠ ಮಾಡಿ ಉದಾಹರಣೆಯ ಮೇಲೆ ಹಾಯಿಸುವುದು ಶಿಷ್ಯನ ಕೆಲಸವಾಯಿತು. ಇದರ ಫಲವನ್ನು ಮಹಾವೀರನಲ್ಲಿಯೇ ಕಾಣಬಹುದು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೆಂದು ಸರಿಯಾಗಿ ಹೇಳಿದ ಅವನು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗುವುದಿಲ್ಲವೆಂದೂ ಹೇಳಿದನು. ಹತ್ತನ್ನು ಸೊನ್ನೆಯಿಂದ ಭಾಗಿಸಿ ಹತ್ತು ಬಂದಿತೆನ್ನೋಣ. ಆ ಹತ್ತನ್ನು ಮತ್ತೆ ಸೊನ್ನೆಯಿಂದ ಗುಣಿಸಿದರೆ ಮೊದಲಿನ ಹತ್ತು ಬರಬೇಕು, ಬರುವುದು ಸೊನ್ನೆ. ಬಾಳೆಹಣ್ಣಿನ ಲೆಕ್ಕಕ್ಕೆ ಅನ್ವಯಿಸಿದ ತಾಳೆಯನ್ನೇ ಇಲ್ಲಿಯೂ ಅನ್ವಯಿಸಿದ್ದರೆ ದೋಷವು ಹೊರಬೀಳುತ್ತಿತ್ತು. ಮೂರು ಶತಮಾನಗಳ ಅನಂತರ, ೧೧೫೦ರಲ್ಲಿ, ಭಾಸ್ಕರಾಚಾರ್ಯನು ‘ಲೀಲಾವತಿ’ಯಲ್ಲಿ ಇಂತಹ ರಾಶಿಗೆ ‘ಖಹರ’ವೆಂಬ ಬೇರೆ ಹೆಸರನ್ನೇ ಇಡಬೇಕಾಯಿತು. ಹಿರಿಯರನ್ನು ಗೌರವಿಸುವ ಕ್ರಮವೆಂದರೆ ಅವರೇ ಕೊಟ್ಟ ಅಳತೆಗೋಲಿನಿಂದ ಅವರನ್ನು ಅಳೆಯುವುದು.

ಇನ್ನು ಆಧುನಿಕ ಕಾಲಕ್ಕೆ ಬರೋಣ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿ, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ, ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಎರಡು ವರ್ಷ ನಡೆದು ನಿಂತಿತು. ಅವರ ಎದುರಿಗಿದ್ದ ದೊಡ್ಡ ಅಡಚಣೆಯು ಪರಿಭಾಷೆಯದು. ಪದವೇ ಇಲ್ಲದಿದ್ದಲ್ಲಿ ಪ್ರಶ್ನೆಯನ್ನು ಕೇಳುವುದಾದರೂ ಹೇಗೆ? ಆದುದರಿಂದ ಆ ತಲೆಮಾರು ಪದಗಳನ್ನು ಕಡೆದಿಟ್ಟುಕೊಟ್ಟಿತು. ಅನಂತರ ಶಿವರಾಮ ಕಾರಂತರು ೧೯೩೬ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನೂ, ೧೯೫೯ರಿಂದ ಮೊದಲ್ಗೊಂಡು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಒಬ್ಬರೇ ಬರೆದು ಪೂರೈಸಿದರು. ಇಂಗ್ಲಿಷ್ ಬಾರದ ಓದುಗನೂ ಲೋಕದ ಅರಿವಿನಿಂದ ವಂಚಿತನಾಗಬಾರದೆಂಬ ಹಂಬಲದ ಫಲವಿದು. ಇದರ ಹಿರಿಮೆಯನ್ನು ಕುಂದಿಸುವ ಅಧಿಕಾರ ನನಗಿಲ್ಲ.

ಆದರೂ ಒಂದು ಮಾತನ್ನು ಹೇಳಲೇಬೇಕು. ಈ ಮಹತ್ಕಾರ್ಯಗಳಲ್ಲಿ ಲೇಖಕನು ಬಲ್ಲವನು, ಓದುಗನು ಕೇಳುವವನು. ಪ್ರಪಂಚವನ್ನು ತಂದು ಓದುಗನ ಜಗಲಿಯ ಮೇಲೆ ಇಳಿಸಿದ್ದಾಯಿತು. ಆದರೆ ಆ ಜಗಲಿಯಲ್ಲಿ ಮೊದಲೇ ಇದ್ದ ಕೊಳಗ, ಪಂಚಾಂಗ, ಒನಕೆಗಳನ್ನು ಕುರಿತು ಓದುಗನನ್ನು ಏನನ್ನೂ ಕೇಳಲಿಲ್ಲ. ರಾಜಾದಿತ್ಯನ ಓದುಗನು ಬಳಪವನ್ನು ಕೈಯಲ್ಲಿ ಹಿಡಿಯಬೇಕಾಗಿತ್ತು. ವಿಶ್ವಕೋಶದ ಓದುಗನು ಹಾಳೆಯನ್ನು ಮಗುಚಿದರೆ ಸಾಕು. ಆ ಕಾಲಕ್ಕೆ ಇದು ಅನಿವಾರ್ಯವಾಗಿತ್ತು. ನಾವು ಅನಿವಾರ್ಯವನ್ನೇ ಆದರ್ಶವೆಂದು ತಿಳಿದು, ಮಾಹಿತಿಯನ್ನು ಸರಳಗನ್ನಡದಲ್ಲಿ ಹೇಳುವುದೇ ವಿಜ್ಞಾನ ಸಾಹಿತ್ಯವೆಂದು ನಂಬಿದ್ದು ತಪ್ಪು. ಮಾಹಿತಿಯು ಕೈಯೊಳಗಿನ ಫೋನಿನಲ್ಲಿ ದೊರೆಯುವ ಇಂದಿನ ದಿನದಲ್ಲಿ ಆ ನಂಬಿಕೆಗೆ ಆಧಾರವೂ ಉಳಿದಿಲ್ಲ.

ಈ ಹಾದಿಯಿಂದ ಬೇರೆಯಾಗಿ ನಡೆದವರಲ್ಲಿ ಬಿ. ಜಿ. ಎಲ್. ಸ್ವಾಮಿಯವರು ಪ್ರಮುಖರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದುಕೊಂಡು, ನಮ್ಮ ಹಾಗೆಯೇ ಹೊರನಾಡಿನಿಂದ, ಅವರು ಕನ್ನಡದಲ್ಲಿ ಬರೆದರು. ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆದ ‘ಹಸುರು ಹೊನ್ನು’ ಕೃತಿಯಲ್ಲಿ ಶಿಷ್ಯರೊಡನೆ ಕಾಡು ಸುತ್ತುತ್ತ, ಕೀಟಲೆ ಮಾಡುತ್ತ ಸಸ್ಯಶಾಸ್ತ್ರವು ಬೆಳೆಯುತ್ತದೆ. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ ಇವೆಲ್ಲ ಪರದೇಶದಿಂದ ಬಂದವು ಎಂಬ ಸಂಗತಿಯು ಅಡುಗೆಮನೆಯನ್ನೇ ಸಮಸ್ಯೆಯನ್ನಾಗಿ ಮಾಡುತ್ತದೆ. ಹಾಗಾದರೆ ಮೆಣಸಿನಕಾಯಿ ಬರುವ ಮೊದಲು ಸಾರಿಗೆ ಖಾರ ಎಲ್ಲಿಂದ ಬರುತ್ತಿತ್ತು? ಕಾಳುಮೆಣಸಿನಿಂದ. ಕಾಳುಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಕೊಟ್ಟವರು ನಾವು. ಭಾಷೆಯೇ ಇಲ್ಲಿ ಸಾಕ್ಷಿಯಾಯಿತು. ನಮ್ಮದೆಂದುಕೊಂಡಿದ್ದರಲ್ಲಿ ಯಾವುದು ನಮ್ಮದು, ಯಾವುದು ಲೋಕದ್ದು ಎಂದು ವಿಂಗಡಿಸಲು ಕಲಿಸುವುದೇ ಸ್ಥಳೀಯ ಅರಿವಿನಿಂದ ವಿಜ್ಞಾನಕ್ಕೆ ಹೋಗುವ ದಾರಿ ಎಂಬುದು ಸ್ವಾಮಿಯವರಿಂದ ನಾನು ಕಲಿತ ಪಾಠ.

ಈ ಪಾಠವನ್ನು ನಾವು ಎರಡು ಬಗೆಯಾಗಿ ಕೆಡಿಸುತ್ತಿದ್ದೇವೆ. ಹಳ್ಳಿಯವರ ತಿಳಿವಳಿಕೆಯೆಲ್ಲ ಮೌಢ್ಯವೆಂದು ತಳ್ಳಿಹಾಕುವುದು ಒಂದು. ಹಿರಿಯರಿಗೆ ಎಲ್ಲವೂ ತಿಳಿದಿತ್ತೆಂದು ತಲೆಯ ಮೇಲೆ ಹೊತ್ತು ಕುಣಿಯುವುದು ಇನ್ನೊಂದು. ಎರಡರಲ್ಲಿಯೂ ಪರೀಕ್ಷೆಯಿಲ್ಲ. ಮಳೆನಕ್ಷತ್ರಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸೂರ್ಯನು ೨೭ ನಕ್ಷತ್ರಗಳನ್ನು ಒಂದು ವರ್ಷದಲ್ಲಿ ಹಾಯುವುದರಿಂದ ಒಂದೊಂದರ ಪಾಲಿಗೆ ಸುಮಾರು ಹದಿಮೂರೂವರೆ ದಿನ. ಈಗ ಜೂನ್ ೮ರ ಸುಮಾರಿಗೆ ಮೃಗಶಿರೆ ಹಿಡಿಯುತ್ತದೆ. ಮುಂಗಾರು ಮುಂಬಯಿಯನ್ನು ಮುಟ್ಟುವ ಸಾಮಾನ್ಯ ದಿನವೆಂದು ಹವಾಮಾನ ಇಲಾಖೆಯು ೨೦೨೦ರಲ್ಲಿ ಪರಿಷ್ಕರಿಸಿ ಕೊಟ್ಟಿರುವುದು ಜೂನ್ ೧೧. ಕಲ್ಯಾಣದ ಸುತ್ತಿನ ಮರಾಠಿ ರೈತನ ‘ಮೃಗ’ವೂ ನಮ್ಮ ಮೃಗಶಿರೆಯೂ ಒಂದೇ. ಇಲ್ಲಿಯವರೆಗೆ ಪಂಚಾಂಗವು ಗೆದ್ದಿತು.

ಈಗ ಪ್ರಶ್ನೆಯನ್ನು ಕೇಳಬೇಕು. ಋತುಗಳನ್ನು ಅನುಸರಿಸುವ ವರ್ಷಕ್ಕಿಂತ ನಕ್ಷತ್ರಗಳನ್ನು ಅನುಸರಿಸುವ ವರ್ಷವು ಸುಮಾರು ೨೦ ನಿಮಿಷ ದೀರ್ಘವಾದುದು. ರಾಜಾದಿತ್ಯನ ಕಾಲದಿಂದ ಈಚೆಗೆ ಸುಮಾರು ೯೦೦ ವರ್ಷಗಳಾದುವು. ಒಟ್ಟು ವ್ಯತ್ಯಾಸವು ೧೮,೦೦೦ ನಿಮಿಷ, ಅಂದರೆ ೩೦೦ ಗಂಟೆ, ಅಂದರೆ ಹನ್ನೆರಡೂವರೆ ದಿನ. ಹೆಚ್ಚುಕಡಿಮೆ ಒಂದು ನಕ್ಷತ್ರದ ಅವಧಿ! ಋತುವಿನ ನಡೆಯು ಬದಲಾಗಿಲ್ಲವೆಂದಿಟ್ಟುಕೊಂಡರೆ, ಅಂದಿನ ರೈತನು ಆರಿದ್ರೆಯಲ್ಲಿ ಕಂಡ ಮಳೆಯನ್ನು ಇಂದಿನ ರೈತನು ಮೃಗಶಿರೆಯಲ್ಲಿ ಕಾಣಬೇಕು. ಆದುದರಿಂದ ಮಳೆಯ ಗಾದೆಗಳು ಸಾವಿರಾರು ವರ್ಷಗಳ ಅಚಲ ಸತ್ಯಗಳೆಂದು ಹೇಳುವವರೂ, ಅವು ಬರಿಯ ಕಂತೆಪುರಾಣವೆಂದು ಹೇಳುವವರೂ ಈ ಲೆಕ್ಕಕ್ಕೆ ಉತ್ತರ ಹೇಳಬೇಕಾಗುತ್ತದೆ. ಗಾದೆಯು ನೋಡಿ ಅರಿತವರ ಮಾತಾಗಿದ್ದರೆ, ಕಾಲ ಸರಿದಂತೆ ಯಾರೋ ಅದನ್ನು ಸದ್ದಿಲ್ಲದೆ ತಿದ್ದಿಕೊಂಡಿರಬೇಕು. ತಿದ್ದಿಕೊಂಡ ಆ ಅನಾಮಿಕ ರೈತನೇ ನಿಜವಾದ ವಿಜ್ಞಾನಿ.

ಕಾಲದ ಹಾಗೆ ಸ್ಥಳವೂ ಪರೀಕ್ಷೆಗೆ ಬರುತ್ತದೆ. ಠಾಣೆಯಲ್ಲಿ ಅತಿ ಹೆಚ್ಚು ಮಳೆ ಸುರಿಯುವ ತಿಂಗಳು ಜುಲೈ, ವಿಜಯಪುರದಲ್ಲಿ ಸೆಪ್ಟೆಂಬರ್. ನಕ್ಷತ್ರವು ಎರಡೂ ಊರುಗಳಿಗೆ ಒಂದೇ, ಮಳೆ ಬೇರೆ. ಏಕೆ? ನಡುವೆ ಸಹ್ಯಾದ್ರಿಯಿದೆ. ವಿಜಯಪುರದ ಅಜ್ಜನ ಮನೆಗೂ ಠಾಕುರ್ಲಿಗೂ ವರ್ಷಕ್ಕೊಮ್ಮೆ ಓಡಾಡುವ ಮಗುವಿಗೆ ಈ ಪ್ರಶ್ನೆಯು ರೈಲಿನ ಕಿಟಕಿಯಲ್ಲಿಯೇ ಸಿಗುತ್ತದೆ. ಒಂದೇ ಊರಿನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ನಮ್ಮ ಮಕ್ಕಳಿಗೆ ತಮ್ಮದೆಂಬ ಊರೇ ಇಲ್ಲವೆಂದು ನಾವು ಸಭೆಗಳಲ್ಲಿ ಕೊರಗುತ್ತೇವೆ. ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಅವರಿಗೆ ಎರಡು ಊರುಗಳಿವೆ, ಮತ್ತು ಹೋಲಿಸಿ ನೋಡಲು ಎರಡು ಬೇಕೇ ಬೇಕು.

ಇದೆಲ್ಲ ಆಚರಣೆಗೆ ಬರುವ ಮಾತೇ ಎಂಬ ಸಂದೇಹವು ಸಹಜ. ೧೯೭೨ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ೧೬ ಶಾಲೆಗಳಲ್ಲಿ, ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸಂಸ್ಥೆಗಳ ಪ್ರಯತ್ನದಿಂದ, ಪ್ರಯೋಗ ಮತ್ತು ಪರಿಸರಗಳ ಮೂಲಕ ವಿಜ್ಞಾನವನ್ನು ಕಲಿಸುವ ಕಾರ್ಯಕ್ರಮವು ಆರಂಭವಾಯಿತು. ೧೯೮೨ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆಯು ಅದನ್ನು ಮುಂದುವರಿಸಿತು. ‘ಬಾಲ ವೈಜ್ಞಾನಿಕ’ವೆಂಬ ಅದರ ಪಠ್ಯದಲ್ಲಿ ಉತ್ತರಗಳಿಗಿಂತ ಪ್ರಶ್ನೆಗಳೇ ಮುಖ್ಯವಾಗಿದ್ದುವು. ೨೦೦೨ರಲ್ಲಿ ಸರಕಾರವು ಅದನ್ನು ನಿಲ್ಲಿಸಿತು. ಆದರೆ ಸಾಮಾನ್ಯ ಸರಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ನಡೆದುದನ್ನು ಅಸಾಧ್ಯವೆಂದು ಯಾರೂ ಹೇಳಲಾರರು. ನಮ್ಮ ಸಮೀಪದ ಮಾನಖುರ್ದಿನಲ್ಲಿ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಸೇರಿದ, ೧೯೭೪ರಲ್ಲಿ ಸ್ಥಾಪಿತವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. ಸುತ್ತಲಿನ ವಸ್ತುಗಳಿಂದ ಪ್ರಶ್ನೆಗಳನ್ನು ಎತ್ತುವ ಅದರ ಪ್ರಾಥಮಿಕ ಪುಸ್ತಕಮಾಲೆಯು ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿ ಬಂದಿದೆ. ಮಕ್ಕಳು ತಮ್ಮ ಊರಿನ ಸಮಸ್ಯೆಯೊಂದನ್ನು ಹಿಡಿದು ಶೋಧಿಸುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು ೧೯೯೩ರಲ್ಲಿ ಆರಂಭವಾಯಿತು. ಮಾರ್ಗವು ಇದೆ, ಕನ್ನಡ ಲೇಖಕನು ಅದರ ಮೇಲೆ ಎಷ್ಟು ನಡೆದಿದ್ದಾನೆ ಎಂಬುದಷ್ಟೇ ಪ್ರಶ್ನೆ.

ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ವಿಜ್ಞಾನವನ್ನು ಕಲಿಯುವಾಗ ಕನ್ನಡದಲ್ಲಿ ಈ ಶ್ರಮವೇಕೆ ಎಂಬ ಆಕ್ಷೇಪವೂ ಉಂಟು. ಕನ್ನಡದಲ್ಲಿ ಇನ್ನೊಂದು ಪಠ್ಯಪುಸ್ತಕವನ್ನು ಬರೆಯುವುದು ವ್ಯರ್ಥವೆಂದು ನಾನೂ ಒಪ್ಪುತ್ತೇನೆ. ಆದರೆ ಸೇರು, ಪಾವು, ಗುಲಗಂಜಿ, ಆರಿದ್ರೆ, ಉಬ್ಬರ ಎಂಬ ಮಾತುಗಳೊಳಗೆ ಅಡಗಿರುವ ಸಮಸ್ಯೆಗಳು ಮನೆಯ ಭಾಷೆಯಲ್ಲಿ ಮಾತ್ರ ಇವೆ. ಅವನ್ನು ಕೇಳಲು ಅಜ್ಜಿಯೊಡನೆ ಮಾತಾಡಬೇಕು, ಅಜ್ಜಿಯೊಡನೆ ಮಾತಾಡಲು ಕನ್ನಡ ಬೇಕು. ಹೊಟೇಲಿನಲ್ಲಿ ಹಗಲೆಲ್ಲ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಿಂದಿನ ತಲೆಮಾರಿನ ಹುಡುಗನಿಗೆ, ಚಳಿಗಾಲದಲ್ಲಿ ಇಡ್ಲಿಯ ಹಿಟ್ಟು ತಡವಾಗಿ ಹುದುಗುವುದು ಕೈಯಿಂದಲೇ ತಿಳಿದಿತ್ತು. ಆ ಕೈಯ ಅರಿವನ್ನು ಪಾಠದ ಪ್ರಶ್ನೆಯನ್ನಾಗಿ ಮಾಡುವ ಕೆಲಸವು ನಮ್ಮಿಂದ ಆಗದೆ ಉಳಿಯಿತು.

ಕೊನೆಗೆ ಖಾಡಿಯ ವಿಷಯಕ್ಕೆ ಮರಳುತ್ತೇನೆ. ಆ ಹುಡುಗಿಯೂ ಅವಳ ಗೆಳತಿಯರೂ ರಜೆಯ ದಿನಗಳಲ್ಲಿ ದೊಡ್ಡವರ ಜೊತೆಗೆ ಹೋಗಿ ನೀರೇರುವ ಹೊತ್ತನ್ನು ಬರೆದುಕೊಂಡರು. ಭರತಿಯು ದಿನದಿನಕ್ಕೆ ಐವತ್ತು ನಿಮಿಷದಷ್ಟು ಹಿಂದೆ ಬೀಳುವುದೆಂದು ಅವರಿಗೆ ಕಂಡಿತು. ಮುಕ್ಕಾಲು ಗಂಟೆಯ ಸೂತ್ರವು ಇದಕ್ಕೆ ಬಹಳ ಹತ್ತಿರ. ಆದರೆ ಸಮುದ್ರದಿಂದ ದೂರ ಒಳಗಿರುವ ನಮ್ಮ ಖಾಡಿಗೆ ನೀರು ಬರುವುದು ಮುಂಬಯಿಯ ದಡಕ್ಕಿಂತ ತಡವಾಗಿ. ದಿನದ ವ್ಯತ್ಯಾಸವು ಚಂದ್ರನದು, ಎಲ್ಲ ಕಡಲುಗಳಿಗೂ ಸಾಮಾನ್ಯ. ಆರಂಭದ ಗಂಟೆಯು ದಡದ ರೂಪಕ್ಕೆ ಸೇರಿದ್ದು, ಊರೂರಿಗೆ ಬೇರೆ. “ಹಾಗಾದರೆ ಮಲ್ಪೆಯಲ್ಲಿ ತಿಥಿಯ ಮುಕ್ಕಾಲು ಸರಿಹೋಗುತ್ತದೆಯೇ?” ಎಂದು ಈಗ ಅವಳೇ ಕೇಳಿದ್ದಾಳೆ. ಮೇ ತಿಂಗಳಿನಲ್ಲಿ ಅಜ್ಜಿಯ ಊರಿಗೆ ಹೋದಾಗ ನೋಡಿಕೊಂಡು ಬರುವಳಂತೆ.

ಮುಂದೆ ಕನ್ನಡದಲ್ಲಿ ಬರುವ ಯಾವುದೇ ವಿಜ್ಞಾನ ಪುಸ್ತಕವನ್ನು ವಿಮರ್ಶೆಗೆ ಎತ್ತಿಕೊಳ್ಳುವವರು, ಭಾಷೆ ಸರಳವಾಗಿದೆಯೇ, ಪರಿಭಾಷೆ ಸರಿಯಾಗಿದೆಯೇ ಎಂದು ನೋಡಿದ ಮೇಲೆ ಇನ್ನೊಂದನ್ನೂ ನೋಡಬೇಕೆಂದು ನನ್ನ ಬಿನ್ನಹ: ಪುಸ್ತಕವನ್ನು ಮುಚ್ಚಿಟ್ಟ ಓದುಗನು ಮನೆಯಿಂದ ಹೊರಗೆ ಹೋಗಿ ನೋಡಬೇಕಾದ ಒಂದಾದರೂ ಪ್ರಶ್ನೆ ಅದರಲ್ಲಿದೆಯೇ? ನಮ್ಮ ಸಂಘಗಳು ಮಕ್ಕಳಿಗೆ ವರ್ಷಕ್ಕೊಮ್ಮೆ ಹಂಚುವ ಬಹುಮಾನದ ಪುಸ್ತಕಗಳನ್ನು ಆರಿಸುವಾಗಲೂ ಈ ಪರೀಕ್ಷೆಯನ್ನು ಅನ್ವಯಿಸಬಹುದು. ಅಂತಹವು ದೊರೆಯದಿದ್ದರೆ, ಠಾಣೆ ಮತ್ತು ಕಲ್ಯಾಣದ ಕನ್ನಡ ಮನೆಗಳಿಂದ ನೂರು ಪ್ರಶ್ನೆಗಳನ್ನು ಕೂಡಿಹಾಕಿ ಚಿಕ್ಕದೊಂದು ಪುಸ್ತಕವನ್ನು ನಾವೇ ಸಿದ್ಧಪಡಿಸುವುದು ನಮ್ಮ ಶಕ್ತಿಗೆ ಮೀರಿದ ಕೆಲಸವಲ್ಲ.